ಆರತಿ ನೀರಿಗೆ ಅರ್ಧ ನಿಂಬೆಹಣ್ಣು

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಆರತಿ ತಟ್ಟೆಯ ಕೆಂಪು ನೀರು ಹಾಡಿನ ನಡುವೆಯೇ ಹಳದಿಯಾಗಿಬಿಟ್ಟಿತು. ಹನ್ನೊಂದು ಹೆಂಗಸರ ಕಣ್ಣೆದುರಿಗೆ. ಅದರಲ್ಲೂ ನನ್ನ ಅತ್ತೆಯ ಕಣ್ಣೆದುರಿಗೆ!

ಮಾಡಿದವಳು ನನ್ನ ಮಗಳು ಅಪರ್ಣಾ. ಮನೆಯಲ್ಲಿ ಅಪ್ಪಿ. ಅವತ್ತಿಗೆ ಸರಿಯಾಗಿ ಆರು ವರ್ಷ ತುಂಬಿತ್ತು. ಈ ಅಂಕಣದ ಹಳೆಯ ಓದುಗರಿಗೆ ಅವಳ ಪರಿಚಯವಿದೆ. ಹೊಸಬರಿಗೆ ಒಂದೇ ಮಾತು: ಅವಳು ಕೂರುವುದಿಲ್ಲ. ಊಟಕ್ಕೆ ಕೂರುವುದಿಲ್ಲ. ಲೋಕಲ್‌ನಲ್ಲಿ ವಿಂಡೋ ಸೀಟು ಸಿಕ್ಕರೂ ಕೂರುವುದಿಲ್ಲ (ಮುಂಬಯಿಯಲ್ಲಿ ಸಿಕ್ಕ ವಿಂಡೋ ಸೀಟನ್ನು ಬಿಟ್ಟು ಏಳುವವರು ಇನ್ನು ಯಾರಿದ್ದಾರೆ ಹೇಳಿ?). ಸ್ಕೂಲಿನ ಕಥೆಯನ್ನಂತೂ ಕೇಳಲೇಬೇಡಿ.

ಹೋದ ವರ್ಷ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು 'ಹೈಪರ್‌ಆಕ್ಟಿವ್' ಎಂದು ಕಾಗದದ ಮೇಲೆ ಬರೆದುಕೊಟ್ಟರು. "ಇದು ಹಟ ಅಲ್ಲ, ಸೊಕ್ಕೂ ಅಲ್ಲ. ಇವಳ ಗಮನ ಒಂದು ಕಡೆ ನಿಲ್ಲೋದು ಕಷ್ಟ, ಅಷ್ಟೆ. ಬಾಯಲ್ಲಿ ಹೇಳೋದು ಕಡಿಮೆ ಮಾಡಿ, ಕೈಗೆ ಕೆಲಸ ಕೊಡಿ" ಎಂದರು.

ಆ ಕಾಗದವನ್ನು ಹೋದ ವಾರ ಹೆಡ್‌ಮಿಸ್ಟ್ರೆಸ್‌ಗೆ ತೋರಿಸಿದೆ. ಓದಿದರು, ಮಡಚಿದರು, ವಾಪಸು ಕೊಟ್ಟರು. ಈ ಶುಕ್ರವಾರದೊಳಗೆ ಕ್ಲಾಸ್ ಟೀಚರ್ ತಮ್ಮ ಅಭಿಪ್ರಾಯ ಹೇಳಬೇಕಂತೆ. ಮಗುವನ್ನು ಕೂರಿಸಲು ಸಾಧ್ಯವಿಲ್ಲ ಎಂದರೆ ನಾವು ಎಲ್.ಸಿ. ತೆಗೆದುಕೊಂಡು, ಅಂದರೆ ಲೀವಿಂಗ್ ಸರ್ಟಿಫಿಕೇಟ್ ತೆಗೆದುಕೊಂಡು, ಬೇರೆ ಸ್ಕೂಲು ನೋಡಿಕೊಳ್ಳಬೇಕಂತೆ. ಇದೇ ಮೂರನೆಯ ಸ್ಕೂಲು. ಆಂಟಾಪ್ ಹಿಲ್‌ನ ನಮ್ಮ ಕ್ವಾರ್ಟರ್ಸಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಾಲ್ಕನೆಯದು ಇಲ್ಲ. ಬೇರೆ ವಿಷಯಗಳಲ್ಲಿ ನಾನು ಜಂಬದ ಹೆಂಗಸು. ಆದರೆ ಅವತ್ತು ಗೇಟಿನ ಹೊರಗೆ ಬಂದು ಫುಟ್‌ಪಾತಿನ ಮೇಲೆಯೇ ಕೂತುಬಿಟ್ಟೆ.

ಕೈಗೆ ಕೆಲಸ ಕೊಡುವ ಇಲಾಖೆಯನ್ನು ನಮ್ಮವರು ವಹಿಸಿಕೊಂಡಿದ್ದರು. ಮೊದಲು ಬಂದದ್ದು ಹಾಳಾದ ಸ್ಪೀಕರಿನ ಮ್ಯಾಗ್ನೆಟ್. ದಾರ ಕಟ್ಟಿ ಕಾಂಪೌಂಡಿನ ಮಣ್ಣಿನಲ್ಲಿ ಎಳೆದುಕೊಂಡು ಹೋದರೆ ಕಪ್ಪು ಪುಡಿ ಮುಳ್ಳುಮುಳ್ಳಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಬಕೆಟ್ಟಿನಲ್ಲಿ ಕಿತ್ತಳೆಹಣ್ಣು. ಸಿಪ್ಪೆ ಇದ್ದರೆ ತೇಲುತ್ತದೆ, ಸುಲಿದರೆ ಮುಳುಗುತ್ತದೆ. "ಅಮ್ಮಾ, ಸ್ವೆಟರ್ ತೆಗೆದ್ರೆ ಡೂಬ್ ಜಾತಾ ಹೈ!" ಎಂದು ಅಪ್ಪಿ ಬಿಲ್ಡಿಂಗಿಗೆಲ್ಲ ಕೇಳುವಂತೆ ಕೂಗಿದಳು. ಬೆಳಿಗ್ಗೆ ಒಂದೂವರೆ ತಾಸು ಬರುವ ನಲ್ಲಿ ನೀರಿನಲ್ಲಿ ಅರ್ಧ ತಾಸಿನದು ವಿಜ್ಞಾನಕ್ಕೇ ಹೋಯಿತು. ನಾನು ರೇಗಿದೆ. ಅಪ್ಪ ಮಗಳು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೆ ದೊಡ್ಡ ಸಂಶೋಧನೆ ಅಪ್ಪಿಯದೇ. ಒಂದು ದಿನ ಯೂನಿಫಾರ್ಮಿನ ಬಿಳಿ ಶರ್ಟಿಗೆ ಹುಳಿ ಚೆಲ್ಲಿಕೊಂಡು ಬಂದಳು. ನಾನು ಬಾರ್ ಸೋಪು ಉಜ್ಜಿದೆ. ಅರಿಶಿನದ ಕಲೆ ಕೆಂಪಗಾಯಿತು. ಬಟ್ಟೆ ಒಗೆಯುವವರಿಗೆಲ್ಲ ಇದು ಗೊತ್ತು. ನಾವು ಗೊಣಗಿಕೊಂಡು ಇನ್ನೂ ಎರಡು ಸಲ ಉಜ್ಜುತ್ತೇವೆ. ಅಪ್ಪಿ ಮಾತ್ರ ಬಚ್ಚಲ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ಹೌದು, ಕೂತಳು! ನಿಂಬೆಹಣ್ಣು ಹಿಂಡಿದರೆ ಕಲೆ ಮತ್ತೆ ಹಳದಿ. ಅಜ್ಜಿಯ ಎಲೆ ಅಡಿಕೆ ಡಬ್ಬಿಯ ಸುಣ್ಣ ಸವರಿದರೆ ಮತ್ತೆ ಕೆಂಪು. ಗಡಿಯಾರ ನೋಡಿದೆ. ನಲವತ್ತು ನಿಮಿಷ. ಶರ್ಟು ಹಾಳಾಯಿತು ನಿಜ. ನನಗೆ ಮಾತ್ರ ಖುಷಿಯಿಂದ ಅಳು ಬಂತು.

ಈಗ ಭಾನುವಾರಕ್ಕೆ ಬನ್ನಿ. ಹುಟ್ಟುಹಬ್ಬದ ಆರತಿಗೆ ಕ್ಲಾಸ್ ಟೀಚರನ್ನೂ ಕರೆದಿದ್ದೆ. ಉಡುಪಿ ಕಡೆಯವರು, ಹೆಸರು ಶಕುಂತಲಾ. ಹುಟ್ಟುಹಬ್ಬ ಬರೀ ನೆಪ. ಹಾಡು ಮುಗಿಯುವವರೆಗೂ ಮಣೆಯ ಮೇಲೆ ಅಲುಗಾಡದೆ ಕೂತ ಅಪ್ಪಿಯನ್ನು ಅವರು ಕಣ್ಣಾರೆ ನೋಡಬೇಕು ಎನ್ನುವುದು ನನ್ನ ಪ್ಲಾನು. ಲಂಚವೂ ಗೊತ್ತುಮಾಡಿಯಾಗಿತ್ತು: ಕೂತರೆ ಇನ್ನೊಂದು ಮ್ಯಾಗ್ನೆಟ್. (ಸರ್ಕಾರಿ ನೌಕರಿಯಲ್ಲಿರುವ ನಾನು ಇದನ್ನೆಲ್ಲ ಬರೆಯಬಾರದೇನೋ.)

ಅತ್ತೆ ಮೈಸೂರಿನವರು. ಅವರ ಆರತಿ ಹಾಡಿಗೆ ಏಳು ನುಡಿ. ಒಂದನ್ನೂ ಬಿಡುವವರಲ್ಲ. ಮೊದಲ ನುಡಿ ಮುಗಿಯಿತು, ಅಪ್ಪಿ ಕೂತಿದ್ದಾಳೆ. ಎರಡು, ಮೂರು, ನಾಲ್ಕು. ಕೂತೇ ಇದ್ದಾಳೆ! ನಾನು ಓರೆಗಣ್ಣಿನಲ್ಲಿ ಟೀಚರನ್ನು ನೋಡಿದೆ. ಮನೆಯ ಒಂದೇ ಕುರ್ಚಿಯಲ್ಲಿ ಕೂತು ಮುಗುಳ್ನಗುತ್ತಿದ್ದರು. ಗೆದ್ದೆ ಅಂದುಕೊಂಡೆ.

ಐದನೆಯ ನುಡಿಗೆ ತಟ್ಟೆ ಅಪ್ಪಿಯ ಮೂಗಿನ ಮುಂದೆ ಬಂತು. ಲಂಗದ ಮಡಿಲಿನಿಂದ ಪುಟ್ಟ ಕೈ ಹೊರಗೆ ಬಂತು. ಕೈಯಲ್ಲಿ ಚಿತ್ರಾನ್ನಕ್ಕೆಂದು ಕತ್ತರಿಸಿಟ್ಟಿದ್ದ ಅರ್ಧ ನಿಂಬೆಹಣ್ಣು. ಹಿಂಡಿಯೇಬಿಟ್ಟಳು!

ಹಾಡು ನಿಂತಿತು. "ಅಯ್ಯೋ, ಹುಟ್ಟಿದ ದಿನವೇ ಇದೇನ್ ಅಪಶಕುನವೇ!" ಎಂದು ಅತ್ತೆ ನನ್ನ ಕಡೆ ತಿರುಗಿದರು. (ಅರಿಶಿನಕ್ಕೆ ಸುಣ್ಣ ಕಲಸಿ ಆ ನೀರನ್ನು ಕೆಂಪು ಮಾಡಿದ್ದವರು ಅವರೇ. ಸುಣ್ಣ ಹಾಕಿದರೆ ಶುಭ, ನಿಂಬೆ ಹಿಂಡಿದರೆ ಅಶುಭ. ಎಲ್ಲಿಯ ನ್ಯಾಯ ಸ್ವಾಮಿ?) ಪಕ್ಕದ ಮನೆಯ ಮರಾಠಿ ಹೆಂಗಸು "ಅಗ ಬಾಯಿ!" ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಟೀಚರ ಮುಖವನ್ನು ನೋಡಲೇ ಇಲ್ಲ. ಎಲ್.ಸಿ.ಗೆ ಅರ್ಜಿ ಬರೆಯುವುದು ಹೇಗೆ ಎಂದು ಯೋಚಿಸತೊಡಗಿದ್ದೆ.

"ರುಕೋ ಅಜ್ಜಿ, ಇನ್ನೂ ಖತಮ್ ಆಗಿಲ್ಲ," ಎಂದಳು ಅಪ್ಪಿ. "ನಿನ್ ಸುಣ್ಣ ಕೊಡು. ವಾಪಸ್ ಲಾಲ್ ಆಗತ್ತೆ."

ಅತ್ತೆ ಕೊಡಲಿಲ್ಲ. ಅವಳೇ ಡಬ್ಬಿಗೆ ಕೈ ಹಾಕಿ, ಬೆರಳ ತುಂಬ ಸುಣ್ಣ ತೆಗೆದು ತಟ್ಟೆಯಲ್ಲಿ ಕದಡಿದಳು. ನೀರು ಕೆಂಪಾಯಿತು. ಮೊದಲಿಗಿಂತ ಚೆನ್ನಾಗಿಯೇ ಕೆಂಪಾಯಿತು.

ಆಗ ಶಕುಂತಲಾ ಟೀಚರ್ ಕುರ್ಚಿಯಿಂದಿಳಿದು, ರೇಷ್ಮೆ ಸೀರೆಯನ್ನೂ ಲೆಕ್ಕಿಸದೆ, ಮಣೆಯ ಎದುರು ನೆಲದ ಮೇಲೆ ಕೂತರು.

"ಇನ್ನೊಮ್ಮೆ ಮಾಡು ನೋಡುವ" ಎಂದರು.

ಆಮೇಲೆ ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಎಲ್ಲಿ ಉಳಿಯಿತು? ಹಳದಿ, ಕೆಂಪು, ಹಳದಿ, ಕೆಂಪು. ಎಲ್ಲರೂ ತಟ್ಟೆಯ ಸುತ್ತ ಮುಗಿಬಿದ್ದರು. ಚಿತ್ರಾನ್ನದ ನಿಂಬೆಹಣ್ಣು ಮುಗಿಯಿತು. ಮರಾಠಿ ಹೆಂಗಸು ಓಡಿಹೋಗಿ ತಮ್ಮ ಮನೆಯಿಂದ ಎರಡು ತಂದರು. ಕೊನೆಕೊನೆಗೆ ಅತ್ತೆಯೇ "ಅಷ್ಟು ಸಾಲದು ಕಣೇ, ಇನ್ನೊಂದ್ ಚೂರು ಹಾಕು" ಎಂದು ಸುಣ್ಣದ ಡಬ್ಬಿಯನ್ನು ಮುಂದಕ್ಕೆ ತಳ್ಳಿದರು. ನೀರು ಕೆಂಪಗಿರುವ ಗಳಿಗೆ ನೋಡಿಕೊಂಡು ಆರತಿ ಎತ್ತಿ ಮುಗಿಸಿದೆವು. ಚಿತ್ರಾನ್ನಕ್ಕೆ ಹುಳಿಯೇ ಇರಲಿಲ್ಲ. ಯಾರೂ ದೂರಲಿಲ್ಲ. ನಾನಂತೂ ಎಷ್ಟೋ ತಿಂಗಳ ನಂತರ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆದರೆ ಟೀಚರ್ ಹೊರಡುವಾಗ ಸ್ಕೂಲಿನ ವಿಷಯ ಎತ್ತಲೇ ಇಲ್ಲ. ತಾಂಬೂಲ ತೆಗೆದುಕೊಂಡರು, ಒಂದು ವೀಳ್ಯದೆಲೆಗೆ ಸ್ವಲ್ಪ ಹೆಚ್ಚೇ ಸುಣ್ಣ ಹಾಕಿಸಿಕೊಂಡರು, ನಡೆದರು. ಸೋಮವಾರವೂ ಸುದ್ದಿಯಿಲ್ಲ. ಮಂಗಳವಾರವೂ ಇಲ್ಲ. ಆಫೀಸಿನಲ್ಲಿ ಫೈಲು ತೆರೆದುಕೊಂಡು ಒಂದೇ ಸಾಲನ್ನು ಹತ್ತು ಸಲ ಓದಿದೆ. (ಗಮನ ನಿಲ್ಲದ ಕಾಯಿಲೆ ದೊಡ್ಡವರಿಗೂ ಬರುತ್ತದೆ.)

ಬುಧವಾರ ಅಪ್ಪಿಯನ್ನು ಕರೆತರಲು ಹೋದಾಗ ಗೇಟಿನ ಬಳಿ ಟೀಚರೇ ಕಾದು ನಿಂತಿದ್ದರು.

"ನಿನ್ನೆ ಇವಳ ಹತ್ತಿರ ಕ್ಲಾಸಿನಲ್ಲಿ ಆ ಸುಣ್ಣದ ಆಟ ಮಾಡಿಸಿದೆ ಮಾರಾಯ್ರೆ," ಎಂದರು. "ಇವಳು ನನ್ನ ಟೇಬಲ್ ಬಿಟ್ಟು ಆಚೀಚೆ ಹೋಗಲಿಲ್ಲ. ಉಳಿದ ನಲವತ್ತಾರು ಮಕ್ಕಳೂ ಬೆಂಚು ಹತ್ತಿ ನಿಂತವು. ಎಷ್ಟು ಗದರಿದರೂ ಒಂದೂ ಕೂರುವುದಿಲ್ಲ. ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ರೌಂಡಿಗೆ ಬಂದರು."

"ಅಯ್ಯೋ, ಏನಂದ್ರು?"

"ಅವರು ಎಂತ ಹೇಳುವುದು? ನಾನೇ ಕೇಳಿದೆ: ಮೇಡಂ, ಈಗ ಎಷ್ಟು ಮಕ್ಕಳಿಗೆ ಎಲ್.ಸಿ. ಕೊಡುವುದು ಅಂತ."