ಏಳಿ ಎನ್ನುವ ಹನಿ

ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯುವ ಅವಳನ್ನು ಎಲ್ಲರೂ ಬಾಟಲಿ ಅಕ್ಕ ಎನ್ನುತ್ತಿದ್ದರು. ಗಂಡ ಸತ್ತು ವರ್ಷ ತುಂಬಿರಲಿಲ್ಲ. ಬೆಳಗ್ಗೆ ಅವಳನ್ನು ಹಾಸಿಗೆಯಿಂದ ಏಳಿಸುತ್ತಿದ್ದುದು ಈ ಕೆಲಸವೊಂದೇ. ಕೈ ಚೊಕ್ಕಟ ಎಂದು ಡಾಕ್ಟರಮ್ಮ ಅವಳಿಗೆ ಜೀವಕೋಶಗಳನ್ನು ಸಾಕುವ ಪೋಷಕ ನೀರು ಬದಲಿಸುವುದನ್ನೂ ಕಲಿಸಿದ್ದರು. ಆಪರೇಷನ್ನಿನಲ್ಲಿ ತೆಗೆದ ಮೊಲೆಯ ರೋಗವಿಲ್ಲದ ಚೂರನ್ನು ಕೆಲವು ಹೆಂಗಸರು ಸಂಶೋಧನೆಗೆಂದು ಒಪ್ಪಿ ಕೊಟ್ಟಿದ್ದರು. ಅದರ ಕೋಶಗಳು ಬೆಚ್ಚನೆಯ ಪೆಟ್ಟಿಗೆಯೊಳಗೆ, ಪುಟ್ಟ ತಟ್ಟೆಗಳಲ್ಲಿ ಬೆಳೆಯುತ್ತಿದ್ದವು.

ಒಂದು ದಿನ ಸಂಶೋಧನೆಯ ಹುಡುಗಿ ಕೆಳಗಿನ ತಟ್ಟೆಗಳನ್ನು ತೋರಿಸಿ, "ಅಕ್ಕಾ, ಇವಕ್ಕೆ ಏನೂ ಹಾಕ್ಬೇಡಿ" ಎಂದು ಹೇಳಿ ಹೋದಳು.

ಗಂಡನ ಕೊನೆಯ ದಿನ ಆಸ್ಪತ್ರೆಯಲ್ಲೂ ಹಾಗೇ, ಏನೂ ಕೊಡಬೇಡಿ ಅಂದಿದ್ದರು. ಅವನು ನೀರು ಕೇಳಿದ. ಅವಳು ಕೊಡಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಅವಳು ಕೈಗವಸು ಹಾಕಿಕೊಂಡಳು. ಬೇರೆ ತಟ್ಟೆಗಳಿಗೆ ಹಾಕುವ ನೀರನ್ನೇ ಇವಕ್ಕೂ ಹಾಕಿದಳು. "ಕುಡೀರಿ" ಎಂದಳು.

ಮರುದಿನ ಮಧ್ಯಾಹ್ನ ಹುಡುಗಿ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ ಕೂಗಿಕೊಂಡಳು. "ಮೇಡಂ, ಸುಮ್ನಿರಬೇಕಾದ ಕೋಶಗಳು ಒಡೆದು ಎರಡಾಗ್ತಿವೆ! ನನ್ನ ಕೆಲಸವೆಲ್ಲ ನೀರುಪಾಲು!"

"ನಾನೇ ಹಾಕ್ದೆ. ಹಸಿದಿದ್ವು" ಎಂದಳು ಬಾಟಲಿ ಅಕ್ಕ. ಕೆಲಸ ಹೋಯಿತು ಅಂದುಕೊಂಡಳು.

ಡಾಕ್ಟರಮ್ಮ ಗದರಲಿಲ್ಲ. ಮೂಲೆಯಲ್ಲಿ ಅವಳ ಕೈತಪ್ಪಿ ಉಳಿದಿದ್ದ ಒಂದು ತಟ್ಟೆಯನ್ನು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವಳಿಗೇ ತೋರಿಸಿದರು.

"ಸತ್ತಿಲ್ಲ ನೋಡಿ. ಹಸಿದೂ ಇಲ್ಲ. ಸಕ್ಕರೆ, ಉಪ್ಪು ಎಲ್ಲಾ ಇದೆ. ಬೆಳವಣಿಗೆಯ ಅಂಶ ಅಂತ ಒಂದಿದೆ, ಅದರ ಹನಿ ಮಾತ್ರ ಬಿಟ್ಟಿದ್ದೀವಿ. ಅದು ಮುಟ್ಟಿ ಏಳಿ ಅಂದ್ರೇನೇ ಒಳ್ಳೇ ಕೋಶ ಒಡೆಯೋದು. ಯಾರೂ ಹೇಳದಿದ್ರೂ ಒಡೀತಾ ಹೋದ್ರೆ ಅದು ಕ್ಯಾನ್ಸರ್."

"ಅಂದ್ರೆ ಇವು ಕಾಯ್ತಿವೆಯಾ?"

"ಹೂಂ. ಹನಿ ಬಿದ್ರೆ ಏಳ್ತವೆ. ಇನ್ನೊಂದ್ಸಲ ಮಾಡೋಣ. ಹನಿ ಇಲ್ಲದ ನೀರನ್ನ ಈ ಸಲ ನೀವೇ ಹಾಕ್ಬೇಕು."

ಮುಂದಿನ ವಾರ ಹೊಸ ತಟ್ಟೆಗಳಿಗೆ ಅವಳೇ ಹಾಕಿದಳು. ಪೆಟ್ಟಿಗೆಯ ಬಾಗಿಲು ಮುಚ್ಚಿ, ಊಟದ ಹೊತ್ತಿಗೆ ಎಂದಿನಂತೆ ಬರೀ ಟೀ ಹಿಡಿದು ಕೂತಳು.

ಹುಡುಗಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಕಣ್ಣಿಗೆ ಕಾಣದ ಕೋಶಕ್ಕೆಲ್ಲ ಕದ್ದು ಬಡಿಸ್ತೀರ. ನಿಮ್ಮ ಊಟದ ಡಬ್ಬಿ ಎಲ್ಲಿ?"

ಡಬ್ಬಿ ತಂದಿರಲಿಲ್ಲ. ಮನೆಯಲ್ಲಿ ದಿನಸಿ ಇತ್ತು, ಒಲೆ ಇತ್ತು. ಉಣ್ಣು ಬಾ ಎನ್ನುವವನು ಇರಲಿಲ್ಲ.

ಹುಡುಗಿ ತನ್ನ ಊಟದಲ್ಲಿ ಅರ್ಧವನ್ನು ಮುಚ್ಚಳಕ್ಕೆ ಹಾಕಿ ತಳ್ಳಿದಳು. "ತಗೊಳ್ಳಿ. ಮುಖ ನೋಡ್ಬೇಡಿ, ಉಣ್ಣಿ."

ಅವಳು ಉಂಡಳು. ಕೈ ತೊಳೆದು ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಬಾಗಿಲು ತೆರೆಯಲಿಲ್ಲ.