ಮುಚ್ಚಿಟ್ಟ ಅರ್ಧ ದಿನ

ಎರಡು ವರ್ಷದ ಹಿಂದಿನ ಫೆಬ್ರವರಿ. ಹುಬ್ಬಳ್ಳಿಯ ಒಂದು ಖಾಸಗಿ ಪ್ರವಾಸ ಸಂಸ್ಥೆಯಲ್ಲಿ ನಾನು ‘ಸಮನ್ವಯ ಅಧಿಕಾರಿ’ ಆಗಿದ್ದೆ. ವಿಸಿಟಿಂಗ್ ಕಾರ್ಡಿನಲ್ಲಿ ಹಾಗಿತ್ತು. ನಿಜವಾದ ಕೆಲಸವೆಂದರೆ ಬಸ್ಸಿನಲ್ಲಿ ತಲೆ ಎಣಿಸುವುದು, ಹೋಟೆಲಿನಲ್ಲಿ ಬಿಟ್ಟುಬಂದ ಚಾರ್ಜರ್ ಹುಡುಕುವುದು, ದಾರಿ ಬೇಸರವಾದಾಗ ಮೈಕ್ ಹಿಡಿದು ಬೇರೆ ಮಂದಿಯ ಧ್ವನಿ ಅಣಕಿಸುವುದು. ಆ ಚಾಳಿ ನನಗೆ ಸಾಲಿಯಿಂದಲೂ ಇದೆ. ನಮ್ಮ ಮಾಲೀಕರಾದ ದೇಸಾಯಿ ಸರ್ ಮಾತಿಗೆ ಮೊದಲು ಮೂರು ಸಲ ಕೆಮ್ಮುತ್ತಾರೆ. ನಾನು ಬಾಗಿಲ ಹಿಂದೆ ನಿಂತು ಹಾಗೆ ಕೆಮ್ಮಿದರೆ ಆಫೀಸೆಲ್ಲ ಮೊಬೈಲ್ ಒಳಗಿಟ್ಟು ಕಂಪ್ಯೂಟರ್ ನೋಡುತ್ತಿತ್ತು. ನಿನ್ನ ಸ್ವಂತ ಧ್ವನಿ ಯಾವುದು ಅಂತ ಕೇಳಿದವರಿಗೆ, ಅದನ್ನ ಇನ್ನೂ ಪ್ರಾಕ್ಟೀಸ್ ಮಾಡಿಲ್ಲ ಎನ್ನುತ್ತಿದ್ದೆ.

ಆ ತಿಂಗಳು ನಮಗೆ ದೊಡ್ಡ ಕೆಲಸ ಬಂದಿತ್ತು. ನೇಪಾಳ, ಶ್ರೀಲಂಕಾ, ಭೂತಾನ್, ಬಾಂಗ್ಲಾದೇಶ ಮತ್ತು ನಮ್ಮ ದೇಶದ ಪ್ರವಾಸ ಉದ್ಯಮಿಗಳು ಸೇರಿ ಒಂದು ಜಂಟಿ ಸರ್ಕ್ಯೂಟ್ ಮಾಡುವ ಯೋಚನೆಯಲ್ಲಿದ್ದರು. ಒಂದು ದೇಶ ನೋಡಲು ಬಂದ ಪ್ರವಾಸಿಯನ್ನು ನೆರೆಯ ದೇಶವೂ ಕರೆದುಕೊಳ್ಳಬೇಕು, ಒಬ್ಬರ ಜಾಹೀರಾತಿನಲ್ಲಿ ಇನ್ನೊಬ್ಬರಿಗೂ ಜಾಗ ಇರಬೇಕು, ಒಂದು ದೇಶದ ಹಳ್ಳಿಯಲ್ಲಿ ಅತಿಥಿಮನೆ ಕಟ್ಟಿ ಗೆದ್ದವರು ಇನ್ನೊಂದು ದೇಶದ ಹಳ್ಳಿಯಲ್ಲಿ ಬಂಡವಾಳ ಹಾಕಬೇಕು. ಯೋಚನೆ ಇಷ್ಟೇ. ಬಾದಾಮಿಗೆ, ಹಂಪಿಗೆ ಹೋಗುವ ದಾರಿಯಲ್ಲಿ ಹುಬ್ಬಳ್ಳಿಯ ಹತ್ತಿರ ಒಂದು ಹಳ್ಳಿ ಬೇಕಾಗಿತ್ತು. ಆರಿಸುವವರು ಹನ್ನೆರಡು ಮಂದಿ. ಇಂಥ ಭೇಟಿಗೆ ನಮ್ಮ ಧಂದೆಯಲ್ಲಿ ‘ಫ್ಯಾಮ್ ಟ್ರಿಪ್’ ಎನ್ನುತ್ತೇವೆ. ಅಂದರೆ ಹೆಣ್ಣು ನೋಡಲು ಬಂದಂತೆಯೇ. ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುತ್ತಾರೆ.

ಫ್ಯಾಮ್ ಟ್ರಿಪ್ಪಿನ ವೇಳಾಪಟ್ಟಿಯಲ್ಲಿ ಒಂದು ಗುಟ್ಟು ಇರುತ್ತದೆ. ಎಲ್ಲೋ ಒಂದು ಕಡೆ ಅರ್ಧ ದಿನ ಖಾಲಿ ಬಿಟ್ಟಿರುತ್ತೇವೆ. ಅದಕ್ಕೆ ಬಫರ್ ಎಂದು ಹೆಸರು. ವಿಮಾನ ತಡವಾದರೆ, ಯಾರಿಗಾದರೂ ಜ್ವರ ಬಂದರೆ ಉಪಯೋಗಕ್ಕೆ. ಆದರೆ ಆತಿಥೇಯರಿಗೆ, ಅಂದರೆ ಊಟ ಹಾಕುವ ಹಳ್ಳಿಯವರಿಗೆ, ಅದನ್ನು ಹೇಳುವುದಿಲ್ಲ. ನಾಳೆಯೂ ಆಗುತ್ತದೆ ಅಂತ ಗೊತ್ತಾದರೆ ಇವತ್ತು ಯಾರೂ ತಯಾರಾಗುವುದಿಲ್ಲ ಎಂಬುದು ದೇಸಾಯಿ ಸರ್ ಕಲಿಸಿದ ಪಾಠ. ನಾನು ಜಾಣ ವಿದ್ಯಾರ್ಥಿ.

ನಾನು ಗೊತ್ತುಮಾಡಿದ ಹಳ್ಳಿ ಶಿರಗುಪ್ಪಿ. ಅಲ್ಲಿ ಗಿರಿಜವ್ವ ಎಂಬ ಹೆಣ್ಣುಮಗಳು ತಾನೂ ಸೇರಿ ಹದಿನಾಲ್ಕು ಜನರನ್ನು ಕೂಡಿಸಿಕೊಂಡು ಕೌದಿ ಹೊಲಿಸುತ್ತಿದ್ದಳು. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಸಣ್ಣ ಓಟದ ಹೊಲಿಗೆ ಹಾಕಿ, ಹೊದೆಯಲು ಮಾಡುವ ಕೌದಿ. ಅವರಲ್ಲಿ ಹೆಚ್ಚಿನವರು ಬೆಳಗಿನ ಆರರ ಬಸ್ಸಿಗೆ ನಿಂತುಕೊಂಡೇ ಹೋಗಿ ಬೈರಿದೇವರಕೊಪ್ಪದ ಮನೆಗಳಲ್ಲಿ ಭಾಂಡೆ ತಿಕ್ಕುವವರು. ಸರ್ಕ್ಯೂಟಿನಲ್ಲಿ ಊರು ಸೇರಿದರೆ ಹೊಲಿಗೆಗೆ ಒಂದು ಶೆಡ್ಡು, ಅತಿಥಿಗಳಿಗೆ ಎರಡು ಕೋಣೆ ಕಟ್ಟಿಕೊಡುತ್ತೇವೆ ಎಂದು ನೇಪಾಳದ ತಂಡ ಹೇಳಿತ್ತು. ಹದಿನಾಲ್ಕು ಹೆಂಗಸರು ಊರಲ್ಲೇ ಉಳಿಯಬಹುದಿತ್ತು.

ಗಿರಿಜವ್ವನ ಗಂಡ ತೀರಿ ಆರು ವರ್ಷ. ಮನೆಯಲ್ಲಿ ಆಕೆ, ಆಕೆಯ ಅತ್ತೆ ಕಲ್ಲವ್ವ ಆಯಿ, ಇಬ್ಬರೇ. ಆಯಿಗೆ ತೊಂಬತ್ತರ ಹತ್ತಿರ. ಹಲ್ಲು ಒಂದೂ ಇಲ್ಲ, ನಾಲಿಗೆ ಮಾತ್ರ ಹೊಸ ಕತ್ತರಿ. ಮೊದಲ ದಿನ ನನ್ನನ್ನು ನೋಡಿ, “ಯಾರಪಾ ನೀ? ವೋಟಿಗೆ ಬಂದೀಯೋ, ಸಾಲಕ್ಕ ಬಂದೀಯೋ?” ಎಂದಳು. ಎರಡನೇ ಸಲ ಹೋದಾಗ ಅದನ್ನೇ ಆಕೆಯ ಧ್ವನಿಯಲ್ಲಿ, ತುಟಿ ಒಳಗೆಳೆದು ಆಕೆಗೇ ಹೇಳಿದೆ. ಹೊಲಿಗೆಯವರೆಲ್ಲ ಸೂಜಿ ಬಿಟ್ಟು ನಕ್ಕರು. ಆಯಿ ಎಲ್ಲರಿಗಿಂತ ಜೋರಾಗಿ ನಕ್ಕು, “ಮಂಗ್ಯಾನ ಮಗನ, ನಾ ಹಂಗ ಮಾತಾಡ್ತೇನೇನೋ? ನನ್ನಕಿಂತ ನೀನ ಛಲೋ ಮುದುಕಿ ಆಗೀದಿ,” ಎಂದು ಕೋಲು ಬೀಸಿದಳು. ಆಮೇಲೆ ಪ್ರತಿ ಸಲ ಅದನ್ನು ಮಾಡಿಸದೆ ನನಗೆ ಚಹಾ ಸಿಗುತ್ತಿರಲಿಲ್ಲ.

ನಾಲ್ಕು ವಾರ ತಾಲೀಮು ಮಾಡಿದೆವು. ಯಾರು ಎಲ್ಲಿ ಕೂರಬೇಕು, ಊಟಕ್ಕೆ ಏನು, ಹೊರಡುವಾಗ ಅತಿಥಿ ಹೆಂಗಸರಿಗೆ ಯಾರು ಕುಂಕುಮ ಕೊಡಬೇಕು, ಎಲ್ಲ ಬರೆದಿದ್ದೆ. ಕಡೆಯ ತಾಲೀಮಿನ ದಿನ ಗಿರಿಜವ್ವ ಕೇಳಿದಳು: “ಅಲ್ಲ ತಮ್ಮಾ, ಅವತ್ತ ಯಾರ ಮನ್ಯಾಗರೆ ಏನರೆ ಹೆಚ್ಚುಕಡಿಮಿ ಆದ್ರ? ಮರುದಿನ ಬರಾಕ ಆಗೂದಿಲ್ಲೇನು?”

ನಾನು ಮೂರು ಸಲ ಕೆಮ್ಮಿ ದೇಸಾಯಿ ಸರ್ ಆದೆ. “ನೋಡ್ರಿ ಗಿರಿಜವ್ವಾ, ನಾಕು ದೇಶದಿಂದ ಬರಾಕತ್ತಾರ. ಗಳಿಗಿ ತಪ್ತು ಅಂದ್ರ ಊರು ತಪ್ತು.”

ಎಲ್ಲರೂ ನಕ್ಕರು. ಗಿರಿಜವ್ವ ನಗಲಿಲ್ಲ, ತಲೆ ಆಡಿಸಿದಳು.

ಭೇಟಿಯ ದಿನ ಹನ್ನೊಂದೂವರೆಗೆ ನಾವು ಶಿರಗುಪ್ಪಿ ತಲುಪಬೇಕಿತ್ತು. ಹತ್ತೂವರೆಗೆ ಹೋಟೆಲಿನ ಮುಂದೆ ನಿಂತು ಫೋನ್ ಮಾಡಿದೆ. “ಎಲ್ಲಾ ತಯಾರ ಐತಿ ಹೌದಿಲ್ಲೋ, ಅಕ್ಕಾರ?”

“ಐತಿ,” ಎಂದಳು ಗಿರಿಜವ್ವ. ಆಮೇಲೆ, “ತಮ್ಮಾ, ನಾಳಿಗೆ ಆಗಾಂಗಿಲ್ಲೇನು?”

ಹೆದರಿದ್ದಾಳೆ ಅಂದುಕೊಂಡೆ. ಮೊದಲ ಸಲ ಅತಿಥಿಗಳನ್ನು ಕರೆಯುವವರು ಎಲ್ಲರೂ ಹೆದರುತ್ತಾರೆ. ವೇಳಾಪಟ್ಟಿ ನನ್ನ ಕೈಯಲ್ಲೇ ಇತ್ತು. ಮರುದಿನದ ಬೆಳಗಿನ ಸಾಲು ಖಾಲಿ ಇತ್ತು. ಅದನ್ನೇ ನೋಡುತ್ತ ಹೇಳಿದೆ: “ನಾಳಿಗಂತೂ ಆಗೂದೇ ಇಲ್ಲ ಅಕ್ಕಾರ. ಇವತ್ತಿಲ್ಲಂದ್ರ ಇಲ್ಲ.”

“ಆತು. ಬರ್ರಿ.”

ಹೋದೆವು. ಅಂಗಳ ಸಾರಿಸಿತ್ತು, ಹದಿನಾಲ್ಕೂ ಹೆಂಗಸರು ಹೇಳಿದ ಜಾಗದಲ್ಲಿ ಕೂತಿದ್ದರು. ಕಟ್ಟೆಯ ಮೇಲೆ ಆಯಿ ಇರಲಿಲ್ಲ. “ನಮ್ಮ ಹಿರೋಯಿನ್ ಎಲ್ಲಿ?” ಎಂದೆ. “ಒಳಗ ಮಲಗ್ಯಾಳ,” ಎಂದಳು ಗಿರಿಜವ್ವ. ನಡುಮನೆಯ ಬಾಗಿಲಿಗೆ ಒಂದು ಹೊಸ ಕೌದಿ ಇಳಿಬಿಟ್ಟಿದ್ದರು. ಅಲಂಕಾರಕ್ಕೆ ಅಂದುಕೊಂಡೆ. ಛಲೋ ಐಡಿಯಾ ಅಂತ ಹೊಗಳಿದೆ ಕೂಡ.

ಆಯಿ ಇಲ್ಲದಿದ್ದರೇನು, ನಾನಿದ್ದೇನಲ್ಲ. ಅತಿಥಿಗಳ ಮುಂದೆ ತುಟಿ ಒಳಗೆಳೆದು, ಕೋಲು ಊರಿ, ಆಯಿ ಅವರನ್ನು ಹೇಗೆ ಸ್ವಾಗತಿಸುತ್ತಿದ್ದಳು ಅಂತ ತೋರಿಸಿದೆ. “ಯಾರಪಾ ನೀವು? ವೋಟಿಗೆ ಬಂದೀರೋ, ಸಾಲಕ್ಕ ಬಂದೀರೋ?” ಹಿಂದಿಯಲ್ಲಿ ಅರ್ಥವನ್ನೂ ಹೇಳಿದೆ. ಹನ್ನೆರಡು ಮಂದಿ ಬಿದ್ದು ಬಿದ್ದು ನಕ್ಕರು. ಹೊಲಿಯುವವರು ಮಾತ್ರ ಕೌದಿಯಿಂದ ಕಣ್ಣು ತೆಗೆಯಲಿಲ್ಲ. ನಾನು ಇನ್ನೂ ಒಂದು ಮಾತು ತೆಗೆಯುವಷ್ಟರಲ್ಲಿ ಗಿರಿಜವ್ವ ಹತ್ತಿರ ಬಂದು, ಮೆಲ್ಲಗೆ, ನಗುಮುಖದಲ್ಲೇ ಅಂದಳು: “ಸಾಕು ತಮ್ಮಾ. ಎಚ್ಚರಾದಾಳು.”

ಊಟಕ್ಕೆ ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಬಡಿಸುವವರು ಯಾರೂ ಬಾಯಿಗೆ ನೀರು ಸಹ ಹಾಕಲಿಲ್ಲ. ಅತಿಥಿಗಳ ಜೊತೆ ಕೂತು ಉಣ್ಣಬೇಕೆಂದು ತಾಲೀಮಿನಲ್ಲಿ ಹೇಳಿದ್ದೆ. “ಯಾಕ್ರೀ, ಎಲ್ಲಾರೂ ಕೂಡೇ ಡಯಟ್ ಹಿಡಿದೀರೇನು?” ಎಂದು ಚೇಷ್ಟೆ ಮಾಡಿದೆ. ಹೊರಡುವಾಗ ಕುಂಕುಮದ ಬಟ್ಟಲನ್ನೂ ಯಾರೂ ತರಲಿಲ್ಲ. ನನ್ನ ಪಟ್ಟಿಯಲ್ಲಿ ಅದರ ಮುಂದೆ ‘ಮರೆತರು’ ಎಂದು ಬರೆದೆ.

ಬಸ್ಸು ಹತ್ತುವಾಗ ಚಾಲಕ ಮಕಬೂಲ್ ಕಾಕಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಮೂವತ್ತು ವರ್ಷ ಈ ಸೀಮೆಯಲ್ಲಿ ಗಾಡಿ ಓಡಿಸಿದವರು. ಬೀಡಿಗೆ ಕೆಂಡ ಕೇಳಲು ಹಿತ್ತಲಿನಿಂದ ಅಡುಗೆಮನೆಗೆ ಹೋಗಿದ್ದರಂತೆ.

“ಒಲಿಗೆ ನೀರು ಹಾಕ್ಯಾರ ತಮ್ಮಾ. ಬೂದಿ ಹಸಿ ಐತಿ.”

“ಅದಕ್ಕೇನಾತು ಕಾಕಾ? ಅಡಿಗಿ ಮುಗದಿರತೈತಿ.”

“ಉಣ್ಣಾಕ ಮಂದಿ ಕುಂತಾಗ ಯಾರರೆ ಒಲಿ ಆರಸ್ತಾರೇನು? ಈ ಕಡಿ ಸತ್ತ ಮನ್ಯಾಗ ಒಲಿಗೆ ನೀರು ಹಾಕತಾರ. ಹೆಣ ಎತ್ತೂತನಕ ಹಚ್ಚಂಗಿಲ್ಲ, ಉಣ್ಣಂಗಿಲ್ಲ.” ಕಾಕಾ ತಲೆಯ ಟೊಪ್ಪಿಗೆ ತೆಗೆದರು. “ಮುದುಕಿ ಮಲಗಿಲ್ಲ.”

ಬಸ್ಸು ಓಣಿಯ ತಿರುವು ದಾಟಿತು. ಹಿಂದಿನಿಂದ ಹೆಂಗಸರ ಧ್ವನಿ ಎದ್ದಿತು. ನಮ್ಮ ಕಡೆ ಸತ್ತವರ ಗುಣ ಎತ್ತಿ, ರಾಗ ಮಾಡಿ ಅಳುತ್ತಾರೆ. ಎರಡು ತಾಸಿಗಿಂತ ಹೆಚ್ಚು ಹೊತ್ತು ಹದಿನಾಲ್ಕು ಜನ ಗಂಟಲಲ್ಲಿ ಹಿಡಿದಿಟ್ಟದ್ದು ಒಮ್ಮೆಲೇ ಹೊರಬಂತು. ಶ್ರೀಲಂಕಾದ ಒಬ್ಬ ಅತಿಥಿ ಕಿಟಕಿ ಸರಿಸಿ, ಮೊಬೈಲ್ ಹೊರಗೆ ಹಿಡಿದು ರೆಕಾರ್ಡ್ ಮಾಡುತ್ತ, “ಇದು ಬೀಳ್ಕೊಡುವ ಹಾಡೇ?” ಎಂದು ಕೇಳಿದ. ಮೈಕ್ ನನ್ನ ಕೈಯಲ್ಲಿತ್ತು. ಯಾರ ಧ್ವನಿಯೂ ಬರಲಿಲ್ಲ.

ನೇಪಾಳದ ತಂಡದ ಮುಖ್ಯಸ್ಥೆ ಸುಮಿತ್ರಾ ದೀದಿ ನನ್ನ ಪಕ್ಕದ ಸೀಟಿನಲ್ಲಿದ್ದರು. ಬೆಟ್ಟದ ಹಳ್ಳಿಗಳಲ್ಲಿ ಅತಿಥಿಮನೆ ನಡೆಸುವವರು, ನನ್ನ ಮುಖ ನೋಡಿಯೇ ಏನೋ ಆಗಿದೆ ಅಂತ ತಿಳಿದರು. ಹೇಳಿದೆ. ಕೈಯಲ್ಲಿದ್ದ ಕಾಗದ ಬಿಡಿಸಿ ನೋಡಿ, ಹಿಂದಿಯಲ್ಲಿ ಕೇಳಿದರು: “ನಾವು ನಾಳೆ ಬರಬಹುದಿತ್ತಲ್ಲ? ನಾಳೆ ಬೆಳಗ್ಗೆ ನಮಗೆ ಏನೂ ಇಲ್ಲ.”

ಅವರ ಕೈಯಲ್ಲೂ ಅದೇ ವೇಳಾಪಟ್ಟಿ ಇತ್ತು. ಅತಿಥಿಗಳಿಗೆ ಖಾಲಿ ಸಾಲು ಕಾಣುತ್ತದೆ. ಆತಿಥೇಯರಿಗೆ ಕೊಡುವ ಪ್ರತಿಯಲ್ಲಿ ಮಾತ್ರ ನಾನು ಅದನ್ನು ಅಳಿಸುತ್ತಿದ್ದೆ.

ಮರುದಿನ ಆ ಖಾಲಿ ಬೆಳಗಿನಲ್ಲಿ ಉಳಿದವರು ಧಾರವಾಡ ಪೇಢೆ ಕೊಳ್ಳಲು ಹೋದರು. ಸುಮಿತ್ರಾ ದೀದಿ ಮತ್ತು ನಾನು ಶಿರಗುಪ್ಪಿಗೆ ಹೋದೆವು. ಆಯಿಯ ಮಣ್ಣು ಹಿಂದಿನ ಸಂಜೆಯೇ ಆಗಿತ್ತು. ಕಟ್ಟೆಯ ಮೇಲೆ ಆಯಿಯ ಮಗಳು, ಅಂದರೆ ಗಿರಿಜವ್ವನ ನಾದಿನಿ, ಕೂತಿದ್ದಳು. ಅಣ್ಣಿಗೇರಿಯಿಂದ ಬಂದವಳು. ಹತ್ತು ಗಂಟೆಗೆ ತೀರಿಕೊಂಡ ತಾಯಿಯ ಸುದ್ದಿ ಆಕೆಗೆ ಮುಟ್ಟಿದ್ದು ನಾವು ಹೋದ ಮೇಲೆ. ಬರುವಷ್ಟರಲ್ಲಿ ಅಂಗಳದಲ್ಲಿ ನಮ್ಮ ಎಂಜಲ ಎಲೆಗಳ ರಾಶಿ ಇನ್ನೂ ಇತ್ತಂತೆ.

ನಮ್ಮನ್ನು ನೋಡಿ ಆಕೆ ಎದ್ದು ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಛಲೋ ಇತ್ತು.

“ಊಟ ಹೆಂಗಿತ್ತ್ರಿ?” ಎಂದಳು.

ಸುಮಿತ್ರಾ ದೀದಿ ಅರ್ಥ ಕೇಳಿದರು. ನಾನು ಹೇಳಲಿಲ್ಲ. ಒಳಗೆ ಗಿರಿಜವ್ವ ಗೋಡೆಗೆ ಒರಗಿ ಕೂತಿದ್ದಳು. ದೀದಿ ಹೋಗಿ ಆಕೆಯ ಪಕ್ಕದಲ್ಲಿ, ನೆಲದ ಮೇಲೆ, ಒಂದು ತಾಸು ಕೂತರು. ನಾನು ಬಾಗಿಲಲ್ಲೇ ನಿಂತಿದ್ದೆ.

ಮೂರು ತಿಂಗಳಿಗೆ ಪತ್ರ ಬಂತು. ಶಿರಗುಪ್ಪಿ ಆಯ್ಕೆಯಾಗಿತ್ತು. ದೇಸಾಯಿ ಸರ್ ಕೆಮ್ಮದೇ ಅಭಿನಂದಿಸಿದರು, ಅಷ್ಟು ಖುಷಿ. ಶೆಡ್ಡು ಆಯಿತು, ಎರಡು ಕೋಣೆಯೂ ಆದವು. ಈಗ ಅಲ್ಲಿ ಹದಿಮೂರು ಹೆಂಗಸರು ಹೊಲಿಯುತ್ತಾರೆ. ಹೆಣ ಒಳಗಿಟ್ಟು ಊಟ ಹಾಕಿದಾಕಿ ಎಂಬ ಮಾತು ಓಣಿಯಲ್ಲಿ ನಿಂತುಬಿಟ್ಟಿತ್ತು. ಜೊತೆಗೆ ಕೂತು ಹೊಲಿದವರಿಗೆಲ್ಲ ಅವತ್ತು ಗೊತ್ತಿತ್ತು. ಆದರೆ ಮಾತು ಒಬ್ಬಳ ಮೇಲೆಯೇ ಬಿತ್ತು. ಗಿರಿಜವ್ವ ಯಾರೊಡನೆಯೂ ಜಗಳ ಮಾಡಲಿಲ್ಲ. ಶೆಡ್ಡಿನ ಕೀಲಿಯನ್ನು ಬೇರೆಯವರಿಗೆ ಕೊಟ್ಟು, ಬೆಳಗಿನ ಆರರ ಬಸ್ಸು ಹತ್ತಿದಳು.

ಹೋದ ವರ್ಷ ಒಂದು ಮುಂಜಾನೆ ಬೈರಿದೇವರಕೊಪ್ಪದ ಸ್ಟಾಪಿನಲ್ಲಿ ಆಕೆಯನ್ನು ಕಾದೆ. ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಲೇಬೇಕಿತ್ತು. “ಅಕ್ಕಾರ, ಅವತ್ತ ನೀವು ಫೋನ್‌ನ್ಯಾಗ ಕೇಳಿದ್ರಲ್ಲ, ನಾಳಿಗೆ ಆಗಾಂಗಿಲ್ಲೇನಂತ. ಆಗತಿತ್ತ್ರಿ. ಮರುದಿನ ಖಾಲಿ ಇತ್ತು. ನನಗ ಗೊತ್ತಿತ್ತು.”

ಆಕೆ ಕೈಚೀಲವನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡಳು. ಸಿಟ್ಟೇನೂ ಕಾಣಲಿಲ್ಲ.

“ಇದನ್ನ ನೀ ಹೇಳಬಾರದಿತ್ತು ತಮ್ಮಾ,” ಎಂದಳು. “ಬ್ಯಾರೆ ದಾರಿ ಇರಲಿಲ್ಲಂತ ತಿಳಕೊಂಡಿದ್ದೆ. ಹೆಂಗೋ ನಿದ್ದಿ ಬರತಿತ್ತು.”

ಕೆಲಸಕ್ಕೆ ಹೊತ್ತಾಗಿತ್ತು, ಹೋದಳು.

ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು. ನಮ್ಮ ಕೈಯಲ್ಲಿರುವ ಬಿಡುವು ಯಾರಿಗೆ ಬೇಕಾಗಿದೆಯೋ ಅವರಿಗೆ ಮೊದಲೇ ಹೇಳಬೇಕು. ಆಮೇಲೆ ಹೇಳಿದರೆ ಹೇಳಿದವನ ಎದೆಯಷ್ಟೇ ಹಗುರಾಗುತ್ತದೆ. ಈಗ ನನ್ನ ಪ್ರತಿ ವೇಳಾಪಟ್ಟಿಯಲ್ಲಿ ಖಾಲಿ ಹೊತ್ತು ದಪ್ಪ ಅಕ್ಷರದಲ್ಲಿರುತ್ತದೆ, ಹಳ್ಳಿಯವರ ಪ್ರತಿಯಲ್ಲೂ. ಕೆಲವರು ಅದರ ಲಾಭ ಪಡೆದು ತಡಮಾಡುತ್ತಾರೆ, ಅತಿಥಿಗಳು ಗೊಣಗುತ್ತಾರೆ, ನಾನು ಬೈಸಿಕೊಳ್ಳುತ್ತೇನೆ. ಯಾರಾದರೂ ಫೋನಿನಲ್ಲಿ ನಾಳೆಗೆ ಆಗುತ್ತದೆಯೇ ಎಂದರೆ, ಯಾಕೆ ಎಂದು ಕೇಳದೆ ಆಗುತ್ತದೆ ಎನ್ನುತ್ತೇನೆ. ಗಿರಿಜವ್ವನಿಗೆ ಇದರಿಂದ ಏನೂ ಆಗುವುದಿಲ್ಲ.