ಮೂವತ್ತೆರಡನೆಯ ಹೆಸರು

ದೆವ್ವ, ಆತ್ಮ, ಸತ್ತವರ ಕರೆ ಎಂದು ಯಾರಾದರೂ ಮಾತು ತೆಗೆದರೆ ಅವರ ಬಿ.ಪಿ. ಒಮ್ಮೆ ನೋಡಬೇಕು ಎಂದು ನನ್ನ ಕೈ ತುರಿಸುತ್ತಿತ್ತು. ಮೂವತ್ತು ವರ್ಷ ಲಂಡನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ವೃದ್ಧರ ವಾರ್ಡಿನ ಡಾಕ್ಟರಾಗಿ ದುಡಿದವಳು ನಾನು. ಎಷ್ಟೋ ಜನ ನನ್ನೆದುರಿಗೇ ಕಣ್ಣು ಮುಚ್ಚಿದ್ದಾರೆ. ಒಬ್ಬರಾದರೂ ಮರಳಿ ಬಂದು ಒಂದು ಮಾತು ಹೇಳಿದ್ದಿಲ್ಲ. ಹೀಗಿರುವಾಗ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ಕೇಳುವ ಮುಖ ನನಗಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆದ ಮರುವರ್ಷ ನಾನು ನಿವೃತ್ತಳಾದೆ. ನಮ್ಮ ಮನೆ ಕಿಂಗ್ಸ್‌ಬರಿಯಲ್ಲಿ. ಮನೆಯಿಂದ ಐದು ನಿಮಿಷ ನಡೆದರೆ ಆಂಗ್ಲಿಕನ್ನರ ಒಂದು ಸಣ್ಣ ಚರ್ಚು, ಅದರ ಮಗ್ಗುಲಲ್ಲಿ ಒಂದು ಹಾಲು. ಬುಧವಾರ ಮಧ್ಯಾಹ್ನ ಆ ಹಾಲಿನಲ್ಲಿ ವಯಸ್ಸಾದವರಿಗೆ ಬಿಸಿ ಊಟ ಹಾಕುತ್ತಾರೆ. ಮನೆಯಲ್ಲಿ ಕೂತು ಗಂಡನ ಜೊತೆ ಜಗಳವಾಡುವುದಕ್ಕಿಂತ ಇದು ಮೇಲೆಂದು ನಾನು ಅಲ್ಲಿಗೆ ಹೋಗಿ ಬಿ.ಪಿ. ನೋಡತೊಡಗಿದೆ. ಧಾರವಾಡದ ವೈಷ್ಣವರ ಮನೆಯ ಹೆಣ್ಣು ಚರ್ಚಿನ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿರುವುದನ್ನು ಕಂಡು ಅಲ್ಲಿಯವರಿಗೆ ಬೆರಗಾಗಲಿಲ್ಲ. ಆ ಚರ್ಚಿಗೆ ಬರುವ ಅರವತ್ತು ಎಪ್ಪತ್ತು ಜನರಲ್ಲಿ ಜಮೈಕಾದವರು, ನೈಜೀರಿಯಾದವರು, ತಮಿಳರು, ಮಲಯಾಳಿಗಳು ಇದ್ದರು. ಹಳೆಯ ಇಂಗ್ಲಿಷರು ಒಂದು ಹಿಡಿಯಷ್ಟು. ಅಕ್ಟೋಬರಿನಲ್ಲಿ ಅವರ ಸುಗ್ಗಿಯ ಪೂಜೆಗೆ ಎಲ್ಲರೂ ಬೀನ್ಸಿನ ಡಬ್ಬಿ ತಂದಿಟ್ಟರೆ ನಾನು ಎರಡು ತೆಂಗಿನಕಾಯಿ ಇಟ್ಟು ಬಂದಿದ್ದೆ.

ಚಳಿ ಬಲಿಯುವ ಹೊತ್ತಿಗೆ ಅಲ್ಲಿ ಇನ್ನೊಂದು ಪದ್ಧತಿ. ಅಕ್ಟೋಬರ್ ಪೂರ್ತಿ ಬಾಗಿಲ ಬಳಿ ಒಂದು ಹಾಳೆ, ದಾರ ಕಟ್ಟಿದ ಒಂದು ಪೆನ್ನು ಇಟ್ಟಿರುತ್ತಾರೆ. ತಮ್ಮವರಲ್ಲಿ ತೀರಿಕೊಂಡವರ ಹೆಸರನ್ನು ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ನವೆಂಬರಿನ ಮೊದಲ ಭಾನುವಾರ ಸಂಜೆ ನಾಲ್ಕಕ್ಕೆ ಆ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ. ತಮ್ಮವರ ಹೆಸರು ಕೇಳಿದವರು ಎದ್ದು ಬಂದು ಮರಳಿನ ತಟ್ಟೆಯಲ್ಲಿರುವ ಒಂದು ಮೇಣದಬತ್ತಿ ಹಚ್ಚುತ್ತಾರೆ. ಯಾರೂ ಏಳದಿದ್ದರೆ ಜೋನ್ ಎದ್ದು ಹಚ್ಚುತ್ತಿದ್ದಳು.

ಜೋನ್ ಆ ಚರ್ಚಿನ ಹಿರಿಯಳು. ಎಂಬತ್ತು ದಾಟಿದ್ದಳು. ಮದುವೆಯಾದವಳಲ್ಲ. ನೆಟ್ಟಗೆ ನಿಲುವು, ಗಂಜಿ ಹಾಕಿದ ಕಾಲರು. ಬೀಗದ ಕೈಗಳೆಲ್ಲ ಅವಳ ಹತ್ತಿರ. ಇಪ್ಪತ್ತು ವರ್ಷ ಆ ಪಟ್ಟಿ ಓದಿದವಳೂ ಅವಳೇ. ಆದರೆ ನಾನು ಮೊದಲ ಸಲ ಆ ಪೂಜೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ ವರ್ಷ, ಫೋಲಾ ಎಂಬ ನೈಜೀರಿಯಾದ ನರ್ಸ್ ತನ್ನ ಗಂಡನ ಹೆಸರು ಬರೆದಿದ್ದಳು. ಜೋನ್ ಅದನ್ನು ಮೂರು ಸಲ ತಡವರಿಸಿ, ಕೊನೆಗೆ ಬಿಟ್ಟೇ ಬಿಟ್ಟು ಮುಂದಿನ ಹೆಸರಿಗೆ ಹೋದಳು. ಫೋಲಾ ಅಳುತ್ತ ಹೊರಗೆ ನಡೆದಳು.

ನನಗೆ ಸಿಟ್ಟು ಬಂತು. ನನ್ನ ಸ್ವಂತ ಹೆಸರನ್ನೇ ಮೂವತ್ತು ವರ್ಷ ಈ ದೇಶ ಸಿಪ್ಪೆ ಸುಲಿದಂತೆ ಸುಲಿದು ಎರಡಕ್ಷರ ಮಾಡಿಟ್ಟಿತ್ತು. ಅಲ್ಲದೆ ನಮ್ಮಲ್ಲಿ ಪಕ್ಷಮಾಸದಲ್ಲಿ ತರ್ಪಣ ಕೊಡುವಾಗ ಹೆಸರೋ ಗೋತ್ರವೋ ತಪ್ಪಿದರೆ ನನ್ನ ಅಪ್ಪ ಅಣ್ಣಂದಿರಿಂದ ಮೊದಲಿನಿಂದ ಹೇಳಿಸುತ್ತಿದ್ದರು. ಹೆಸರು ಸರಿಯಾಗದಿದ್ದರೆ ನೀರು ಯಾರಿಗೆ ಹೋಗಬೇಕು ಎಂದು ಕೇಳುತ್ತಿದ್ದರು. ಆ ದಿನ ಚಹದ ಹೊತ್ತಿಗೆ ಪಾದ್ರಿ ಹೆಲೆನ್ ಹತ್ತಿರ, "ಹೆಸರು ಕಷ್ಟವಲ್ಲ, ಕೇಳಿ ತಿಳಿದುಕೊಳ್ಳಬೇಕು, ಅಷ್ಟೆ" ಎಂದುಬಿಟ್ಟೆ. ಹೆಲೆನ್ ಐವತ್ತರ ಹೆಂಗಸು, ಮಾತು ಕಡಿಮೆ. ಮುಂದಿನ ವರ್ಷ ಪಟ್ಟಿಯನ್ನು ನನ್ನ ಕೈಗೇ ಕೊಟ್ಟಳು.

ಜೋನ್‌ಗೆ ಅದು ಹೇಗಾಗಿರಬೇಕು ಎಂದು ಆಗ ನಾನು ಯೋಚಿಸಲಿಲ್ಲ, ನಿಜ ಹೇಳಬೇಕಲ್ಲ. ನನಗೆ ಕೋಡು ಮೂಡಿತ್ತು. ಅವಳು ಬುಧವಾರ ಬಿ.ಪಿ.ಗೆಂದು ನನ್ನ ಮುಂದೆ ತೋಳು ಚಾಚುವುದನ್ನು ನಿಲ್ಲಿಸಿದಳು. ಆ ಇಡೀ ವರ್ಷ ಮಳೆ ಬಿಸಿಲಿನ ವಿಷಯ ಬಿಟ್ಟು ನಮ್ಮಿಬ್ಬರ ನಡುವೆ ಬೇರೆ ಮಾತೇ ನಡೆಯಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ನನ್ನ ಕೆಲಸದ ರೀತಿ ಹೀಗಿತ್ತು. ಪಟ್ಟಿಯಲ್ಲಿದ್ದ ಪ್ರತಿ ಹೆಸರಿಗೂ ಅದನ್ನು ಬರೆದವರನ್ನು ಹುಡುಕಿ, ಹೇಗೆ ಅನ್ನಬೇಕೆಂದು ಅವರ ಬಾಯಿಂದಲೇ ಕೇಳಿ, ಕೇಳಿದ ಹಾಗೆಯೇ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಹತ್ತು ಜನ ಹತ್ತು ಥರ ಓದುತ್ತಾರೆ. ನನ್ನ ಕನ್ನಡ ನೋಟುಬುಕ್ಕಿನಲ್ಲಿ ಆ ತೊಂದರೆಯಿಲ್ಲ. ಫೋಲಾ ತನ್ನ ಗಂಡನ ಹೆಸರನ್ನು ಐದು ಸಲ ಹೇಳಿ, ನಾನು ಬರೆದುಕೊಂಡು ತಿರುಗಿ ಓದಿದಾಗ ನನ್ನ ಕೈ ಹಿಡಿದುಕೊಂಡಳು. ಪಟ್ಟಿಯಲ್ಲಿ ಐವತ್ತೇಳು ಹೆಸರಿದ್ದವು. ನೋಟುಬುಕ್ಕಿನಲ್ಲಿ ಕ್ರಮಸಂಖ್ಯೆ ಹಾಕಿ ಎಲ್ಲವನ್ನೂ ಇಳಿಸಿದೆ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ನನ್ನ ಗಂಡ ಇಂಗ್ಲಿಷ್ ಹಾಳೆ ಹಿಡಿದು ಒಂದೊಂದೇ ಹೆಸರು ಓದಿದರು. ನಾನು ನೋಟುಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕುತ್ತ ಹೋದೆ.

"ಐವತ್ತೇಳು. ಬರೋಬ್ಬರಿ ಆತು ನೋಡು. ಇನ್ನ ಚಾ ಮಾಡ್ತೀ ಏನು?" ಎಂದರು.

"ಮಾಡ್ತೀನ್ರಿ, ತಡೀರಿ" ಎಂದು ನೋಟುಬುಕ್ಕನ್ನು ನೇರವಾಗಿ ಚೀಲಕ್ಕೆ ಹಾಕಿಟ್ಟೆ.

ಮರುದಿನ ನಾಲ್ಕು ಗಂಟೆಗೆ ಚರ್ಚು ತುಂಬಿತ್ತು. ಅದರ ಹಿಂದಿನ ವಾರವಷ್ಟೆ ಚಳಿಗಾಲದ ಪದ್ಧತಿಯಂತೆ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರಿಂದ ಹೊರಗೆ ಆಗಲೇ ಕತ್ತಲು ಇಳಿಯುತ್ತಿತ್ತು. ಬಂದವರ ಬೂಟಿಗೆ ಅಂಟಿದ ಒದ್ದೆ ಎಲೆಗಳು ನೆಲದ ತುಂಬ. ಜೋನ್ ಪಟ್ಟಿ ನೋಡಿ ಐವತ್ತೇಳು ಮೇಣದಬತ್ತಿ ಎಣಿಸಿ ಮರಳಿನಲ್ಲಿ ನಿಲ್ಲಿಸಿದ್ದಳು. ಅದರಲ್ಲಿ ಅವಳು ಎಂದೂ ತಪ್ಪಿದವಳಲ್ಲ.

ನಾನು ಓದಿದೆ. ಜಂಬವೆಂದರೆ ಅನ್ನಿ, ಅಷ್ಟು ಚೆನ್ನಾಗಿ ನಾನು ಜೀವನದಲ್ಲಿ ಇನ್ನೇನನ್ನೂ ಮಾಡಿಲ್ಲ. ಫೋಲಾಳ ಗಂಡನ ಹೆಸರು ಹೇಳಿದಾಗ ಅವಳು ರಾಣಿಯ ಹಾಗೆ ತಲೆಯೆತ್ತಿ ನಡೆದು ಬಂದು ಬತ್ತಿ ಹಚ್ಚಿದಳು. ಹಿಂದಿನ ಬೆಂಚಿನ ಮಲಯಾಳಿ ಅಜ್ಜ ತನ್ನ ತಾಯಿಯ ಹೆಸರು ಕೇಳಿ ಗೊತ್ತಿಲ್ಲದೆಯೇ ಎದ್ದು ನಿಂತ. ಅಪ್ಪ ಇದನ್ನು ಕೇಳಬೇಕಿತ್ತು ಅನ್ನಿಸಿತು.

ಅರ್ಧ ದಾಟಿತ್ತು. "ರೋಸ್‌ಮೇರಿ ಆನ್" ಎಂದು ಓದಿದೆ. ಉಳಿದೆಲ್ಲ ಹೆಸರಿಗೂ ಮನೆತನದ ಹೆಸರಿತ್ತು, ಇದಕ್ಕೆ ಇರಲಿಲ್ಲ. ಓದುವಾಗ ಅದು ವಿಚಿತ್ರವೆನಿಸಲಿಲ್ಲ. ಯಾರಾದರೂ ಏಳಲೆಂದು ಕಾದೆ. ಯಾರೂ ಏಳಲಿಲ್ಲ. ಪದ್ಧತಿಯಂತೆ ಜೋನ್ ಎದ್ದಳು. ಆದರೆ ಯಾವಾಗಲೂ ಚಟಪಟನೆ ನಡೆಯುವವಳು ಬೆಂಚಿನಿಂದ ಬೆಂಚಿಗೆ ಕೈ ಊರುತ್ತ ಬಂದಳು. ಬತ್ತಿಯ ಮುಂದೆ ನಿಂತು ಅವಳು ಗೀರಿದ ಕಡ್ಡಿ ಎರಡು ಸಲ ಆರಿತು. ವಯಸ್ಸಾಯಿತು, ಬಿ.ಪಿ. ಇಳಿದಿರಬೇಕು ಎಂದುಕೊಂಡು ನಾನು ಕೆಳಗಿಳಿದು ಅವಳ ಮಣಿಕಟ್ಟು ಹಿಡಿದೆ. ಇಬ್ಬರ ಕೈಯಲ್ಲೂ ಆ ಬತ್ತಿ ಹತ್ತಿತು. ಅವಳು ನನ್ನ ಮುಖ ನೋಡಲಿಲ್ಲ. ನಾನು ಮರಳಿ ಹೋಗಿ ಓದು ಮುಂದುವರಿಸಿದೆ.

ಕೊನೆಯ ಹೆಸರಿಗೆ ಬತ್ತಿ ಸಾಲಲಿಲ್ಲ. ಹೆಲೆನ್ ಒಳಗಿಂದ ಒಂದನ್ನು ತಂದು ಮರಳಿಗೆ ಸಿಕ್ಕಿಸಿದಳು.

ಆಮೇಲೆ ಹಾಲಿನಲ್ಲಿ ಚಹ ಕುಡಿಯುತ್ತ ಎಲ್ಲರೂ ನನ್ನನ್ನು ಹೊಗಳುತ್ತಿದ್ದಾಗ ಜೋನ್ ಬಂದು ನನ್ನ ತೋಳು ಹಿಡಿದು ಅಡುಗೆಮನೆಯ ಮೂಲೆಗೆ ಕರೆದೊಯ್ದಳು. "ಡಾಕ್ಟರ್, ಆ ಹೆಸರು ನಿಮಗೆ ಕೊಟ್ಟವರು ಯಾರು?" ಎಂದು ಕೇಳಿದಳು.

"ಪಟ್ಟಿಯಲ್ಲಿತ್ತಲ್ಲ" ಎಂದೆ.

"ಇರಲಿಲ್ಲ. ಬತ್ತಿ ಎಣಿಸಿಟ್ಟವಳು ನಾನು."

ಹೆಲೆನ್ ಹಾಳೆ ತಂದಳು. ಮೂವರೂ ಮೇಲಿನಿಂದ ಕೆಳಗಿನ ತನಕ ಎರಡು ಸಲ ನೋಡಿದೆವು. ಐವತ್ತೇಳು ಹೆಸರು. ರೋಸ್‌ಮೇರಿ ಆನ್ ಇಲ್ಲ. ನಾನು ನೋಟುಬುಕ್ಕು ತೆರೆದೆ. ಮೂವತ್ತೆರಡನೆಯ ಸಾಲಿನಲ್ಲಿ ಆ ಹೆಸರಿತ್ತು. ನನ್ನದೇ ಅಕ್ಷರ, ನನ್ನದೇ ನೀಲಿ ಶಾಯಿ. ತುರುಕಿ ಬರೆದದ್ದಲ್ಲ, ಹಿಂದೆ ಮುಂದೆ ಸರಿಯಾದ ಜಾಗ ಬಿಟ್ಟು ಬರೆದದ್ದು. ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು ಎಂದು ಸಂಖ್ಯೆ ತಪ್ಪದೆ ಐವತ್ತೆಂಟರ ತನಕ ನಡೆದಿತ್ತು. ಉಳಿದ ಎಲ್ಲ ಹೆಸರಿನ ಮುಂದೆಯೂ ಶನಿವಾರದ ಕೆಂಪು ಗುರುತಿತ್ತು. ಅದೊಂದರ ಮುಂದೆ ಇರಲಿಲ್ಲ.

ಆ ಚರ್ಚಿನಲ್ಲಿ ಕನ್ನಡ ಬರೆಯಬಲ್ಲವಳು ನಾನೊಬ್ಬಳೇ. ನನ್ನ ಬೆನ್ನಿನಲ್ಲಿ ಚಳಿ ಹರಿಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹರಿದದ್ದು ನಿಜ.

ಹೆಲೆನ್ ಹೋಗಿ ಬಾಗಿಲು ಮುಚ್ಚಿದಳು. ಜೋನ್ ಸ್ಟೂಲಿನ ಮೇಲೆ ಕೂತು ಹೇಳಿದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳಿಗೆ ಒಂದು ಹೆಣ್ಣು ಮಗುವಾಗಿತ್ತು. ಮನೆಯವರು ಅವಳನ್ನು ದೂರದ ಕರಾವಳಿಯ ಊರೊಂದರ ಆಶ್ರಯಧಾಮಕ್ಕೆ ಕಳಿಸಿದ್ದರು. ಮಗು ಒಂಬತ್ತು ದಿನ ಬದುಕಿತ್ತು. ಮನೆಗೆ ಮರಳಿದ ದಿನ ಅವಳ ತಂದೆ, ಇನ್ನು ಈ ಮಾತು ಈ ಮನೆಯಲ್ಲಿ ಬರಕೂಡದು ಎಂದರು. ಬರಲಿಲ್ಲ. ಹೆಸರಿಟ್ಟದ್ದು ಅವಳು, ಮನಸ್ಸಿನಲ್ಲೇ. ಅರವತ್ತು ವರ್ಷ ಅದನ್ನು ಯಾರೆದುರೂ ಬಾಯಿಬಿಟ್ಟು ಹೇಳಿರಲಿಲ್ಲ. ಇಪ್ಪತ್ತು ವರ್ಷ ಊರಿನವರ ಸತ್ತವರನ್ನೆಲ್ಲ ಕರೆದವಳು ತನ್ನದೊಂದನ್ನು ಪ್ರತಿಸಲವೂ ನುಂಗಿಕೊಂಡು ಕೆಳಗಿಳಿಯುತ್ತಿದ್ದಳು. ಪಟ್ಟಿ ಕೈತಪ್ಪಿದಾಗ ಅವಳಿಗೆ ಏಕೆ ಅಷ್ಟು ನೋವಾಯಿತೆಂದು ನನಗೆ ಆಗ ಅರ್ಥವಾಯಿತು. ಎಂದಾದರೂ ಒಂದು ವರ್ಷ ಧೈರ್ಯ ಬಂದೀತು ಎಂದು ಅವಳು ಕಾಯುತ್ತಿದ್ದಳು.

"ನನ್ನನ್ನು ಕ್ಷಮಿಸಿ" ಎಂದೆ.

"ಯಾಕೆ? ಚೆನ್ನಾಗಿ ಓದಿದಿರಿ" ಎಂದಳು ಜೋನ್. "ಒಂದು ಹೆಸರೂ ತಪ್ಪಲಿಲ್ಲ."

ಮನೆಗೆ ಬಂದು ಗಂಡನಿಗೆ ನೋಟುಬುಕ್ಕು ತೋರಿಸಿದೆ. ಬಹಳ ಹೊತ್ತು ನೋಡಿದರು. "ಅಕ್ಷರ ನಿಂದನ, ಅದರಾಗ ಸಂಶಯ ಇಲ್ಲ. ಆದ್ರ ಈ ಹೆಸರು ನಾ ಓದಿಲ್ಲ ನೋಡು" ಎಂದರು. ಮಗಳಿಗೆ ಫೋನಿನಲ್ಲಿ ಕನ್ನಡದಲ್ಲಿ ಎಲ್ಲ ಹೇಳಿದರೆ ಅವಳು ಎಂದಿನಂತೆ ಇಂಗ್ಲಿಷಿನಲ್ಲಿ, "ಮಮ್, ಯು ವರ್ ಜಸ್ಟ್ ಟೈರ್ಡ್" ಎಂದಳು. ಇರಬಹುದು. ನಾನೂ ಡಾಕ್ಟರೇ, ದಣಿದ ಮೆದುಳು ಏನೇನು ಆಟವಾಡುತ್ತದೆಂದು ಬಲ್ಲೆ. ಆದರೆ ದಣಿದ ಮೆದುಳು ತನ್ನಲ್ಲಿ ಇಲ್ಲದ ಹೆಸರನ್ನು ಎಲ್ಲಿಂದ ತರುತ್ತದೆ? ಜೋನ್ ಎಂದೂ ನನ್ನ ರೋಗಿಯಾಗಿರಲಿಲ್ಲ, ಅವಳ ಕಾಗದಪತ್ರ ಒಂದನ್ನೂ ನಾನು ಕಂಡವಳಲ್ಲ. ಆ ವರ್ಷ ಅವಳು ನನ್ನೊಡನೆ ಮಾತಾಡಿದ್ದು ಮಳೆಯ ವಿಷಯ ಮಾತ್ರ.

ಮುಂದಿನ ಭಾನುವಾರ ಯುದ್ಧದಲ್ಲಿ ಮಡಿದವರ ನೆನಪಿನ ದಿನ. ಎಲ್ಲರ ಎದೆಯ ಮೇಲೂ ಕೆಂಪು ಕಾಗದದ ಹೂವು. ಜೋನ್ ನನ್ನ ಪಕ್ಕದಲ್ಲೇ ಬಂದು ಕೂತಳು. ಬುಧವಾರ ತೋಳು ಚಾಚಿದಳು. ಮರುವರ್ಷ ಅಕ್ಟೋಬರಿನಲ್ಲಿ ಬಾಗಿಲ ಬಳಿಯ ಹಾಳೆಯಲ್ಲಿ ಮೊತ್ತಮೊದಲ ಹೆಸರು ಅವಳ ಕೈಬರಹದಲ್ಲಿತ್ತು. ರೋಸ್‌ಮೇರಿ ಆನ್, ಅದರ ಮುಂದೆ ಜೋನಳ ಮನೆತನದ ಹೆಸರು, ಎಲ್ಲರಿಗೂ ಕಾಣುವ ಹಾಗೆ ದೊಡ್ಡ ಅಕ್ಷರದಲ್ಲಿ. ಆ ಸಂಜೆ ನಾನು ಓದಿದಾಗ ಅವಳು ಕೈ ಊರದೆ ನೆಟ್ಟಗೆ ನಡೆದು ಬಂದಳು. ಯಾರ ಸಹಾಯವನ್ನೂ ತೆಗೆದುಕೊಳ್ಳಲಿಲ್ಲ. ಅವಳು ತಿರುಗಿ ಬರುವಾಗ ಇಡೀ ಚರ್ಚು ತಾನಾಗಿ ಎದ್ದು ನಿಂತಿತು. ಎಷ್ಟೋ ಸಮಾರಂಭಗಳಲ್ಲಿ ಹಾರ ಹಾಕಿಸಿಕೊಂಡಿದ್ದೇನೆ. ಆ ಹೊತ್ತು ಆದ ಹೆಮ್ಮೆ ಯಾವ ಹಾರದಿಂದಲೂ ಆಗಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಜೋನ್ ತೀರಿಕೊಂಡಳು. ಆ ಅಕ್ಟೋಬರಿನಲ್ಲಿ ಹಾಳೆಯ ಮೇಲೆ ಅವಳ ಹೆಸರನ್ನು ಏಳು ಜನ ಬರೆದಿದ್ದರು. ಮೊದಲು ಬರೆದವಳು ಫೋಲಾ. ಆದರೆ ಮಗುವಿನ ಹೆಸರು ಬರೆಯಲು ಯಾರಿಗೂ ನೆನಪಾಗಿರಲಿಲ್ಲ, ಅದನ್ನು ಬರೆಯುತ್ತಿದ್ದವಳೇ ಇರಲಿಲ್ಲವಲ್ಲ. ಹಗಲು ಹೊತ್ತಿನಲ್ಲಿ, ಕನ್ನಡಕ ಹಾಕಿಕೊಂಡು, ಪೂರ್ತಿ ಎಚ್ಚರದಲ್ಲಿ ಆ ದಾರ ಕಟ್ಟಿದ ಪೆನ್ನು ಹಿಡಿದು ಜೋನಳ ಹೆಸರಿನ ಕೆಳಗೆ ರೋಸ್‌ಮೇರಿ ಆನ್ ಎಂದು ನಾನೇ ಬರೆದೆ.

ಹಾಗೆ ಬರೆದದ್ದು ನನಗೆ ಚೆನ್ನಾಗಿ ನೆನಪಿದೆ. ಮೊದಲ ಸಲ ಬರೆದದ್ದು ಇವತ್ತಿಗೂ ನೆನಪಾಗಿಲ್ಲ.